ಮ್ಯಾಜಿಕ್ ಲ್ಯಾಂಟರ್ನ್ ಚರಿತ್ರೆ ಹುಡುಕಲು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಎಂ.ಎ. ಪ್ರಬಂಧಕ್ಕೆ ಮ್ಯಾಜಿಕ್ ಲ್ಯಾಂಟರ್ನ್, ಅಂದರೆ ಗಾಜಿನ ಸ್ಲೈಡಿನ ಚಿತ್ರವನ್ನು ದೀಪ ಮತ್ತು ಲೆನ್ಸಿನಿಂದ ಗೋಡೆ ಮೇಲೆ ದೊಡ್ಡದಾಗಿ ತೋರಿಸುವ ಹಳೆ ಸಾಧನ, ಇದರ ವಿಷಯ ತಗೊಂಡಿದ್ದೇನೆ. ಎಲ್ಲಿ ನೋಡಿದರೂ ಸಿನಿಮಾಕ್ಕೆ ಮುಂಚಿನ ಆಟಿಕೆ ಅಂತ ಎರಡು ಸಾಲು ಬರೆದು ಮುಂದೆ ಹೋಗಿರುತ್ತಾರೆ. ಹಳೆ ಸಾಮಾನಿನ ಅಂಗಡಿಯಲ್ಲಿ ಕೆಲವು ಗಾಜಿನ ಸ್ಲೈಡುಗಳೂ ಸಿಕ್ಕಿವೆ. ಈ ಕೆಲಸ ಮಾಡಿದವರು ದಾರಿ ಹೇಳಿ.

ಮೈಸೂರಿನಿಂದ ಒಬ್ಬರು: ಮೊದಲು ಸ್ಲೈಡುಗಳ ಮಾತು. ದಯವಿಟ್ಟು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಕೈಯಿಂದ ಬಣ್ಣ ಹಚ್ಚಿದ್ದಾದರೆ ಬಣ್ಣವೇ ಎದ್ದು ಬಂದೀತು. ಅಂಚಿಗೆ ಅಂಟಿಸಿದ ಕಾಗದದ ಪಟ್ಟಿಯನ್ನೂ ಬಿಡಿಸಬೇಡಿ. ಎಷ್ಟೋ ಸಲ ಚಿತ್ರಕ್ಕಿಂತ ಜಾಸ್ತಿ ಸುಳಿವು ಅಲ್ಲೇ ಸಿಗುತ್ತದೆ: ತಯಾರಿಸಿದವರ ಚೀಟಿ, ಸರಣಿಯ ನಂಬರು, ಮೂಲೆಯಲ್ಲಿ ಬಿಳಿ ಚುಕ್ಕೆ. ಲೆನ್ಸು ಚಿತ್ರವನ್ನು ತಿರುಗಿಸುವುದರಿಂದ ಸ್ಲೈಡನ್ನು ತಲೆಕೆಳಗಾಗಿಯೇ ತೂರಿಸಬೇಕಿತ್ತು. ಯಾವ ಕಡೆ ಹಿಡಿಯಬೇಕು ಅಂತ ತಿಳಿಯಲು ಆ ಚುಕ್ಕೆ. ಅಳತೆಯನ್ನೂ ಬರೆದಿಡಿ. ಮೂರೂಕಾಲು ಇಂಚಿನ ಚೌಕ ಬ್ರಿಟಿಷ್ ಮಾದರಿ. ಒಂದು ಬದಿ 4 ಇಂಚು ಇದ್ದರೆ ಹೆಚ್ಚಾಗಿ ಅಮೆರಿಕದ್ದು. ಫೋಟೋ ತೆಗೆಯುವಾಗ ಎರಡೂ ಮಗ್ಗುಲು, ನಾಲ್ಕೂ ಅಂಚು ಬರಲಿ.

ಧಾರವಾಡದಿಂದ ಒಬ್ಬರು: ಲ್ಯಾಂಟರ್ನನ್ನು ಮೊದಲು ಮಾಡಿದವರು ಯಾರು ಅನ್ನೋ ಜಗಳದಲ್ಲಿ ಜಾಸ್ತಿ ದಿನ ಕಳೆಯಬೇಡಿ. ಬಹಳ ಕಡೆ 17ನೇ ಶತಮಾನದ ಜೆಸ್ಯೂಟ್ ಪಾದ್ರಿ, ವಿದ್ವಾಂಸ ಕಿರ್ಷರ್ ಹೆಸರು ಇರುತ್ತದೆ. ಆದರೆ ಅವರ ಪುಸ್ತಕದಲ್ಲಿ ಲ್ಯಾಂಟರ್ನಿನ ಚಿತ್ರ ಬರುವುದು 1671ರ ಆವೃತ್ತಿಯಲ್ಲಿ. ಅದರಲ್ಲೂ ಸ್ಲೈಡು ಲೆನ್ಸಿನ ಹೊರಗಡೆ ಇದೆ, ಹಾಗಿಟ್ಟರೆ ಗೋಡೆ ಮೇಲೆ ಚಿತ್ರ ಸರಿಯಾಗಿ ಮೂಡುವುದೇ ಇಲ್ಲ! ಡಚ್ ವಿಜ್ಞಾನಿ ಕ್ರಿಶ್ಚಿಯಾನ್ ಹೈಗೆನ್ಸ್ 1659ರಲ್ಲೇ ಲ್ಯಾಂಟರ್ನಿಗೆಂದು ಅಸ್ಥಿಪಂಜರದ ಚಿತ್ರಗಳನ್ನು ಬಿಡಿಸಿದ್ದರು. ಅದು ತನ್ನ ತಲೆಯನ್ನೇ ಕಿತ್ತು ಕೈಯಲ್ಲಿ ಹಿಡಿಯುತ್ತದೆ. ಅಂದರೆ ಚಲಿಸುವ ಚಿತ್ರದ ಆಸೆ ಆಗಲೇ ಇತ್ತು, ಅಲ್ವಾ?

1662ರಲ್ಲಿ ಪ್ಯಾರಿಸ್‌ನಲ್ಲಿದ್ದ ಅಪ್ಪ ಒಂದು ಲ್ಯಾಂಟರ್ನ್ ಕಳಿಸು ಅಂದಾಗ ಹೈಗೆನ್ಸ್‌ಗೆ ಮುಜುಗರ. ಲೂವ್ರ್ ಅರಮನೆಯಲ್ಲಿ ಇದನ್ನು ತೋರಿಸಿದರೆ ಮನೆತನದ ಮರ್ಯಾದೆ ಹೋಗುತ್ತದೆ ಅಂತ, ಅದು ಕೆಲಸ ಮಾಡದ ಹಾಗೆ ಒಂದು ಲೆನ್ಸು ತೆಗೆದುಬಿಡು ಎಂದು ತಮ್ಮನಿಗೆ ಪತ್ರ ಬರೆದರು. ನನಗೆ ಈ ಪತ್ರ ತುಂಬ ಮುಖ್ಯ. ವಿದ್ವಾಂಸರು ಇದನ್ನು ಮರೆಮಾಚಿದರು, ಊರೂರು ಸುತ್ತಿ ಆಟ ತೋರಿಸಿದವರು ಬರೆದಿಡಲಿಲ್ಲ. ಹಾಗಾಗಿ ಪತ್ರಿಕೆಯ ಜಾಹೀರಾತು, ಕರಪತ್ರ, ಸ್ಲೈಡು ಮಾರುವವರ ಕ್ಯಾಟಲಾಗು, ಸ್ಲೈಡಿನ ಜತೆ ಓದಲು ಅಚ್ಚು ಹಾಕಿಸಿದ ಪುಸ್ತಿಕೆ, ಇವುಗಳಲ್ಲೇ ಹುಡುಕಬೇಕು. ಟಿಕೆಟ್ ದರ, ಆಟದ ಹೊತ್ತು, ಯಾವ ಸಭಾಂಗಣ ಎಲ್ಲ ಜಾಹೀರಾತಲ್ಲಿ ಸಿಗುತ್ತೆ.

ಮುಂಬೈನಿಂದ ಒಬ್ಬರು: ನಮ್ಮ ದೇಶದ ಕಥೆಯನ್ನು 1896ರ ಜುಲೈ 7ರಿಂದ, ಮುಂಬೈಯ ವಾಟ್ಸನ್ ಹೋಟೆಲಿನಲ್ಲಿ ನಡೆದ ಲೂಮಿಯೇರ್ ಸಹೋದರರ ಸಿನಿಮಾ ಪ್ರದರ್ಶನದಿಂದ ಶುರು ಮಾಡಬೇಡಿ. ಕಲ್ಯಾಣದ ಮಹಾದೇವ ಪಟವರ್ಧನ್ ಅದಕ್ಕೂ ಮುಂಚೆ, 1892ರಲ್ಲೇ ‘ಶಾಂಬರಿಕ ಖರೋಲಿಕಾ’ ಹೆಸರಲ್ಲಿ ಲ್ಯಾಂಟರ್ನ್ ಆಟ ತೋರಿಸಿದ್ದರು. ಕೈಯಲ್ಲೇ ಬರೆದ ಗಾಜಿನ ಚಿತ್ರಗಳು, ರಾಮಾಯಣ ಮಹಾಭಾರತದ ಕಥೆ. ಮರಾಠಿ ಓದಲು ಬಂದರೆ ಅಲ್ಲಿಂದಲೇ ಹಿಡಿಯಿರಿ. ಬರದಿದ್ದರೆ ಓದಿ ಹೇಳುವವರನ್ನು ಈಗಲೇ ಗೊತ್ತುಮಾಡಿಕೊಳ್ಳಿ, ಇಂಗ್ಲಿಷ್ ಪತ್ರಿಕೆ ಮಾತ್ರ ನೋಡಿದರೆ ಇಂಥವರು ಕೈತಪ್ಪಿ ಹೋಗುತ್ತಾರೆ.