ರಷ್ಯನ್ನರ 'ಚೆಸ್ತ್': ಮಾನವೋ, ಮರ್ಯಾದೆಯೋ, ನಿಯತ್ತೋ?

ಎಲ್ಲರಿಗೂ ನಮಸ್ಕಾರ.

ರಷ್ಯದ ಕವಿ ಪುಶ್ಕಿನ್‌ನ 'ಕ್ಯಾಪ್ಟನ್ ಮಗಳು' (1836) ಕಾದಂಬರಿಯನ್ನು ಕನ್ನಡಕ್ಕೆ ತರಲು ಕೂತಿದ್ದೇನೆ. ಕತೆ ಶುರುವಾಗುವ ಮುಂಚೆಯೇ ಒಂದು ಪದ ಕಾಲಿಗೆ ತೊಡರಿದೆ. ಅದು 'ಚೆಸ್ತ್'. ಸೈನ್ಯಕ್ಕೆ ಹೊರಟ ಮಗನಿಗೆ ಅಪ್ಪ ಒಂದು ಗಾದೆ ಹೇಳುತ್ತಾನೆ: ಬಟ್ಟೆಯನ್ನು ಹೊಸದರಿಂದಲೇ ಜೋಪಾನ ಮಾಡು, ಚೆಸ್ತನ್ನು ಎಳೆತನದಿಂದಲೇ. ಪುಶ್ಕಿನ್ ಇದರ ಎರಡನೇ ಅರ್ಧವನ್ನು ಕಾದಂಬರಿಯ ನೆತ್ತಿಯ ಮೇಲೇ ಇಟ್ಟಿದ್ದಾನೆ.

ಮೊದಲು 'ಮಾನ' ಅಂತ ಬರೆದೆ. 'ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು' ಕಿವಿಯಲ್ಲಿತ್ತು. ಬೇರು ಹುಡುಕಿದಾಗ ಇನ್ನೂ ಖುಷಿಯಾಯಿತು. ಚೆಸ್ತ್, 'ಚಿತಾತ್' (ಓದು), 'ಚಿಸ್ಲೋ' (ಸಂಖ್ಯೆ) ಮೂರೂ ಒಂದೇ ಬೇರಿನವು. ಸಂಸ್ಕೃತದ 'ಚಿತ್ತಿ', ನಾವು ದಿನಾ ಆಡುವ 'ಚಿತ್ತ' ಕೂಡ ಇವುಗಳ ನೆಂಟರೇ. ಗೌರವ ಅನ್ನುವ ಅರ್ಥದ 'ಮಾನ'ವೂ ಯೋಚಿಸು ಅನ್ನುವ 'ಮನ್' ಧಾತುವಿನಿಂದ ಬಂದದ್ದು. ನಮ್ಮ 'ಎಣಿಸು' ನೋಡಿ: ಲೆಕ್ಕ ಮಾಡುವುದೂ ಅದೇ, ಮನಸ್ಸಿನಲ್ಲಿ ಭಾವಿಸುವುದೂ ಅದೇ.

ಆದರೆ ಎಂಟನೇ ಅಧ್ಯಾಯಕ್ಕೆ ಬಂದಾಗ 'ಮಾನ' ಕೈಕೊಟ್ಟಿತು. ಬಂಡಾಯಗಾರ ಪುಗಚೋವ್ ಮತ್ತು ಸೆರೆಸಿಕ್ಕ ಹುಡುಗ ಗ್ರಿನ್ಯೋವ್ (ಅಪ್ಪನಿಂದ ಆ ಗಾದೆ ಕೇಳಿ ಹೊರಟ ಮಗ ಇವನೇ) ಇಬ್ಬರೇ ಎದುರುಬದುರು ಕೂತಿದ್ದಾರೆ. ನನ್ನ ಕಡೆ ಸೇರು ಅನ್ನುತ್ತಾನೆ ಪುಗಚೋವ್. ಮಹಾರಾಣಿಗೆ ಪ್ರಮಾಣ ಮಾಡಿದ್ದೇನೆ, ಆಗದು ಅನ್ನುತ್ತಾನೆ ಹುಡುಗ. ಬೆಳಿಗ್ಗೆ ತಾನೇ ಅವನ ಕೊರಳಿಗೆ ಕುಣಿಕೆ ಬಿದ್ದಿತ್ತು. ಈಗ ನೋಡುವವರು ಯಾರೂ ಇಲ್ಲ. ಹೂಂ ಅಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಮ್ಮ ಮಾನ ಹೋಗುವುದು ನಾಲ್ಕು ಜನರ ಎದುರಿಗೆ ಅಲ್ವಾ? ಇಲ್ಲಿ ಆ ನಾಲ್ಕು ಜನರೇ ಇಲ್ಲ.

ಇದೇ ಪುಶ್ಕಿನ್ 'ಯೆವ್ಗೇನಿ ಅನ್ಯೇಗಿನ್' ಕಾವ್ಯದಲ್ಲಿ ಪೂರಾ ತದ್ವಿರುದ್ಧ ಹೇಳುತ್ತಾನೆ. ಜನ ಪಿಸುಗುಟ್ಟಿ ನಕ್ಕಾರು ಅನ್ನುವ ಅಂಜಿಕೆಗೆ ಅನ್ಯೇಗಿನ್ ದ್ವಂದ್ವಯುದ್ಧಕ್ಕೆ ಹೋಗಿ ಗೆಳೆಯನನ್ನೇ ಕೊಲ್ಲುತ್ತಾನೆ. ಚೆಸ್ತನ್ನು ಕುಣಿಸುವುದು ಜನಾಭಿಪ್ರಾಯ ಅಂತ ಕವಿ ಅಲ್ಲಿ ನೊಂದು ಬರೆಯುತ್ತಾನೆ. 1837ರಲ್ಲಿ ಅವನೂ ಅಂಥದ್ದೇ ದ್ವಂದ್ವಯುದ್ಧದಲ್ಲಿ ಗುಂಡು ತಿಂದು ಎರಡು ದಿನಕ್ಕೆ ತೀರಿಕೊಂಡ. ಇನ್ನೊಬ್ಬ ರಷ್ಯನ್ ಕವಿ ಲೆರ್ಮೊಂತೊವ್ ಅವನನ್ನು ಚೆಸ್ತಿನ ಗುಲಾಮ ಎಂದು ಕರೆದ. ಓದಿದಾಗಲೆಲ್ಲ ಎದೆ ಹಿಂಡುತ್ತದೆ. ಇಲ್ಲಿ ಮಾತ್ರ 'ಮರ್ಯಾದೆ' ಸಲೀಸಾಗಿ ಕೂರುತ್ತದೆ.

ಮಾತಿನ ಬಳಕೆಯಲ್ಲಿ ಇದರ ಮಕ್ಕಳುಮರಿ ಜಾಸ್ತಿ. 'ಚೆಸ್ನಿ' ಅಂದರೆ ಪ್ರಾಮಾಣಿಕ. ರಷ್ಯದ ಮಕ್ಕಳು 'ಚೆಸ್ನಯೆ ಸ್ಲೋವ' (ಪ್ರಾಮಾಣಿಕ ಮಾತು) ಅನ್ನುವ ಕಡೆ ನಮ್ಮ ಮಕ್ಕಳು 'ದೇವ್ರಾಣೆ' ಅನ್ನುತ್ತಾರೆ. ನೆಂಟರು ಎದ್ದು ಹೊರಡುವಾಗ 'ಇನ್ನು ಚೆಸ್ತ್ ತಿಳಿಯುವ ಹೊತ್ತಾಯಿತು' ಅನ್ನುವುದುಂಟು. 'ಚೆಸ್ತೀತ್' ಅನ್ನುವ ಕ್ರಿಯಾಪದದ ಹಳೆಯ ಅರ್ಥ ಗೌರವಿಸು. ಈಗಿನ ಆಡುಮಾತಿನಲ್ಲಿ ಚೆನ್ನಾಗಿ ಬೈಯುವುದು! ನಮ್ಮಲ್ಲಿ 'ಮಂಗಳಾರತಿ ಮಾಡಿದರು' ಅಂದ ಹಾಗೆ. ರಷ್ಯದ 1649ರ ಕಾನೂನಿನಲ್ಲಿ 'ಬೆಸ್ಚೆಸ್ತ್ಯೆ' ಅನ್ನುವುದು ಅವಮಾನದ ಹೆಸರು, ಅದಕ್ಕೆ ತೆರಬೇಕಾದ ದಂಡದ ಹೆಸರೂ ಹೌದು. ನಮ್ಮ 'ಮಾನನಷ್ಟ' ಮೊಕದ್ದಮೆ ನೆನಪಾಗುತ್ತದೆ.

ಗ್ರಿನ್ಯೋವ್‌ಗೆ ಸದ್ಯ ನನಗೆ ಹೊಳೆದಿರುವುದು 'ನಿಯತ್ತು'. ಮಾತಿಗೆ ನಿಲ್ಲುವುದು, ಯಾರೂ ನೋಡದಿದ್ದಾಗಲೂ ತಪ್ಪದಿರುವುದು ಎರಡೂ ಅದರಲ್ಲಿವೆ. ಆದರೆ ನಾವು ನಿಯತ್ತನ್ನು ಹೆಚ್ಚಾಗಿ ಆಳಿನಲ್ಲಿ, ನಾಯಿಯಲ್ಲಿ ಕಾಣುತ್ತೇವೆ. ಗ್ರಿನ್ಯೋವ್ ಕುಲೀನ ಮನೆತನದವನು. ಆ ಹೆಮ್ಮೆಯೂ ಅವನ ಚೆಸ್ತಿನಲ್ಲಿದೆ. ಅದು ನಿಯತ್ತಿನಲ್ಲಿ ಬರುತ್ತದೆಯೇ?

ಗಾದೆಯಲ್ಲಿ 'ಮಾನ', ಎಂಟನೇ ಅಧ್ಯಾಯದಲ್ಲಿ 'ನಿಯತ್ತು' ಅಂತ ಒಡೆದು ಬರೆದರೆ ಕಾದಂಬರಿಯ ನೂಲೇ ತುಂಡಾಗುತ್ತದೆ. ಗಾದೆ ಇಟ್ಟಿರುವುದೇ ಆ ಗಳಿಗೆಗಾಗಿ. ಎರಡೂ ಕಡೆ ಸಲ್ಲುವ ಒಂದೇ ಪದ ನಿಮ್ಮ ಊರಿನ ಮಾತಿನಲ್ಲಿ ಇದೆಯೇ? ಹಳಗನ್ನಡದ 'ನನ್ನಿ'ಯನ್ನು (ಸತ್ಯ) ಎಳೆದು ತಂದರೆ ಇಂದಿನ ಓದುಗರಿಗೆ ಹತ್ತುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಿ.