ಬೆನ್ನುಹುರಿಗೆ ಪೆಟ್ಟಾದರೆ ಸ್ಟೆಮ್ ಸೆಲ್: ಹೊಲ ಮಾರೋದಾ, ಬೇಡ್ವಾ?

ಪ್ರಶ್ನೆ: ಡಾಕ್ಟರ್ ಸಾಹೇಬ್ರಿಗೆ ನಮಸ್ಕಾರ. ನಾವು ಚಿತ್ತಾಪುರ ತಾಲ್ಲೂಕಿನವರು. ತೊಗರಿ ಹೊಟ್ಟಿನ ಬಣವಿ ಒಟ್ಟುವಾಗ ನಮ್ಮಣ್ಣ ಜಾರಿ ಬಿದ್ದ. ಬೆನ್ನಿನ ಡಿ-10 ಎಲುಬು ಮುರಿದಿತ್ತು, ರಾಡ್ ಹಾಕಿದರು. ಎಂಟು ತಿಂಗಳಾಯ್ತು. ಸೊಂಟದ ಕೆಳಗೆ ಚಿವುಟಿದರೂ ಗೊತ್ತಾಗುವುದಿಲ್ಲ. ಈಗ ಒಬ್ಬರು ಸ್ಟೆಮ್ ಸೆಲ್ (ಹೊಸ ಜೀವಕೋಶಗಳಾಗಿ ಬೆಳೆಯುವ ಮೂಲಕೋಶ) ಇಂಜೆಕ್ಷನ್‌ಗೆ ನಾಲ್ಕು ಲಕ್ಷ ಕೇಳಿದ್ದಾರೆ. ಅಪ್ಪ ಎರಡು ಎಕರೆ ಮಾರಲು ತಯಾರಾಗಿದ್ದಾರೆ. ಚಿಪ್ ಹಾಕಿಸಿಕೊಂಡು ನಡೆದವರ ವಿಡಿಯೋನೂ ನೋಡಿದೆವು. ಅದು ಖರೇನಾ?

ಉತ್ತರ: ಹೊಲ ಮಾರಬೇಡಿ ತಮ್ಮಾ. ಬೆನ್ನುಹುರಿ ಪೆಟ್ಟಿಗೆ ಸ್ಟೆಮ್ ಸೆಲ್ ನಮ್ಮ ದೇಶದಲ್ಲಿ ಒಪ್ಪಿಗೆ ಪಡೆದ ಚಿಕಿತ್ಸೆ ಅಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿಯಂತೆ ಪ್ರಯೋಗದಲ್ಲಷ್ಟೇ ಕೊಡಬೇಕು, ಅದಕ್ಕೆ ರೋಗಿಯಿಂದ ದುಡ್ಡು ತಗೊಳ್ಳೋ ಹಾಗಿಲ್ಲ.

ವಿಡಿಯೋ ಮಾತ್ರ ಖರೆ. ಗೆರ್ಟ್-ಯಾನ್ ಓಸ್ಕಾಮ್ ಅಂತ, ನೆದರ್ಲೆಂಡ್ಸ್‌ನವರು. 2011ರಲ್ಲಿ ಸೈಕಲ್ ಅಪಘಾತದಲ್ಲಿ ಕತ್ತಿನ ಹತ್ತಿರ ಪೆಟ್ಟಾಗಿತ್ತು. ಕಾಗಿಣಾ ಹೊಳೆ ತುಂಬಿ ಸೇತುವೆ ಮುಳುಗಿದರೆ ಸುತ್ತು ಹಾಕಿ ಊರು ಸೇರ್ತೀರಲ್ಲ, ಸ್ವಿಟ್ಜರ್ಲೆಂಡಿನ ವೈದ್ಯರು ಅದನ್ನೇ ಮಾಡಿದರು. ಕಾಲು ಎತ್ತಬೇಕು ಅಂದುಕೊಂಡರೆ ಮೆದುಳಿನ ಮೇಲೆ ಕೂರಿಸಿದ ಯಂತ್ರ ಅದನ್ನು ಹಿಡಿಯುತ್ತದೆ. ಪೆಟ್ಟಾದ ಜಾಗ ಬಿಟ್ಟು, ಅದರ ಕೆಳಗಿನ ಬೆನ್ನುಹುರಿಗೆ ಕರೆಂಟ್ ಕೊಡುತ್ತದೆ. ಇದು ಲೋಕಕ್ಕೆ ಗೊತ್ತಾಗಿದ್ದು 2023ರಲ್ಲಿ. ಆದರೆ ಅವರ ಬೆನ್ನುಹುರಿ ಪೂರ್ತಿ ತುಂಡಾಗಿರಲಿಲ್ಲ, ಈಗಲೂ ಆಸರೆ ಹಿಡಿದೇ ನಡೆಯುತ್ತಾರೆ. 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಯಂತ್ರ ಇನ್ನೊಂದು. ಆಪರೇಷನ್ ಬೇಡ, ಕತ್ತಿನ ಚರ್ಮಕ್ಕೆ ಅಂಟಿಸಿದರೆ ಸಾಕು. ಅದು ಕೈಗಳಿಗೆ, ನಿಮ್ಮಣ್ಣನಿಗೆ ಸಂಬಂಧವಿಲ್ಲ.

ಅದಿರಲಿ. ಮೂತ್ರಕ್ಕೆ ಏನು ಮಾಡುತ್ತಿದ್ದೀರಿ? ಬೆನ್ನು ತಿರುಗಿಸಿ ನೋಡಿದ್ದೀರಾ?

ಕೇಳಿದವರು: ಪೈಪ್ ಅವತ್ತಿಂದಲೂ ಇದೆ ಸರ್. ತಿಂಗಳಿಗೊಮ್ಮೆ ಚಳಿಜ್ವರ ಬರ್ತದೆ, ನಿನ್ನೆಯಿಂದ ಮತ್ತೆ ಶುರುವಾಗಿದೆ. ನೀವು ಕೇಳಿದ ಮೇಲೆ ನೋಡಿದೆ, ಬಾಲದ ಎಲುಬಿನ ಹತ್ತಿರ ರೂಪಾಯಿಯಷ್ಟು ಅಗಲ ಕೆಂಪಾಗಿದೆ. ಅವ್ವ ನಾಲ್ಕು ಕೌದಿ ಹಾಸಿದ್ದಾಳಲ್ಲ?

ಉತ್ತರ: ನಾಲ್ಕಲ್ಲ, ಎಂಟು ಹಾಸಿದರೂ ಭಾರ ಅದೇ ಎಲುಬಿನ ಮೇಲೆ ಬೀಳುತ್ತದೆ. ಕೌದಿಯ ಹೊಲಿಗೆ ಗಂಟು ಒತ್ತಿದರೂ ಅವನಿಗೆ ಗೊತ್ತಾಗುವುದಿಲ್ಲ. ಕೆಂಪಾದ ಕಡೆ ಬೆರಳಿಂದ ಒತ್ತಿ ಬಿಡಿ. ಬಿಳಿಚದೆ ಹಾಗೇ ಉಳಿದರೆ, ಇಲ್ಲವೇ ಸುತ್ತಲಿಗಿಂತ ಬಿಸಿ, ಗಟ್ಟಿ ಅನಿಸಿದರೆ ಹುಣ್ಣು ಶುರುವಾಗಿದೆ ಅಂತ ಅರ್ಥ. ಬೆನ್ನ ಮೇಲೆ ಮಲಗಿಸಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ, ರಾತ್ರಿನೂ. ಅವ್ವ ಒಬ್ಬರ ಮೇಲೇ ಬಿಡಬೇಡಿ, ಪಾಳಿ ಹಾಕಿಕೊಳ್ಳಿ.

ಜ್ವರಕ್ಕೆ ಸುಮ್ನೆ ಮೆಡಿಕಲ್‌ನಿಂದ ಗುಳಿಗೆ ತರಬೇಡಿ. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮೂತ್ರದ ಕಲ್ಚರ್ (ಯಾವ ರೋಗಾಣು ಅಂತ ನೋಡುವ ಪರೀಕ್ಷೆ) ಮಾಡಿಸಿ. ಪೈಪ್ ತೆಗೆದು, ನಾಲ್ಕರಿಂದ ಆರು ತಾಸಿಗೊಮ್ಮೆ ಸಣ್ಣ ಪೈಪ್ ಹಾಕಿ ಖಾಲಿ ಮಾಡುವ ಪದ್ಧತಿ ಆಗುತ್ತದಾ ಅಂತ ಕೇಳಿ. ಅವನ ಕೈ ಚೆನ್ನಾಗಿವೆ, ಕಲಿಸಿದರೆ ತಾನೇ ಮಾಡಿಕೊಳ್ಳುತ್ತಾನೆ. ಮೊದಲೆಲ್ಲ ಇಂಥವರು ಹೆಚ್ಚಾಗಿ ಕಿಡ್ನಿ ಕೆಟ್ಟು ಸಾಯುತ್ತಿದ್ದರು. 1972ರಲ್ಲಿ ಲ್ಯಾಪಿಡೀಸ್ ಎಂಬ ಅಮೆರಿಕದ ಡಾಕ್ಟರ್ ಇದನ್ನು ಮನೆಯಲ್ಲೇ, ಬರೀ ಶುಚಿಯಾದ ಕೈಯಿಂದ ಮಾಡಿಕೊಳ್ಳಬಹುದು ಅಂತ ತೋರಿಸಿದರು. ಇದರ ವಿಡಿಯೋ ಯಾರೂ ಹಂಚುವುದಿಲ್ಲ. ನನ್ನನ್ನು ಕೇಳಿದರೆ ಚಿಪ್‌ಗಿಂತ ದೊಡ್ಡ ಸುಧಾರಣೆ ಇದೇ.

ಜ್ವರ ಇಳಿದ ಮೇಲೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪುನಶ್ಚೇತನ ವಿಭಾಗಕ್ಕೆ ಒಮ್ಮೆ ತೋರಿಸಿ. ಎಂಆರ್‌ಐ ಫಿಲ್ಮು, ಆಪರೇಷನ್ ಕಾಗದ ಮರೀಬೇಡಿ.