ಎಚ್‌ಸಿಐ ಕಲಿಯೋದು ಎಲ್ಲಿಂದ ಶುರು ಮಾಡಲಿ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಇಂಜಿನಿಯರಿಂಗ್ 6ನೇ ಸೆಮಿಸ್ಟರ್‌ನಲ್ಲಿದ್ದೇನೆ. ಹ್ಯೂಮನ್ ಕಂಪ್ಯೂಟರ್ ಇಂಟರಾಕ್ಷನ್, ಅಂದರೆ ಎಚ್‌ಸಿಐ (ಜನ ಕಂಪ್ಯೂಟರ್, ಫೋನ್ ಹೇಗೆ ಬಳಸುತ್ತಾರೆ ಅನ್ನೋದರ ಅಧ್ಯಯನ), ಎಲೆಕ್ಟಿವ್ ತಗೊಂಡಿದ್ದೇನೆ. ಪ್ರೈಮರಿ ಶಾಲೆ ಮಕ್ಕಳಿಗೆ ವಿಡಿಯೊ ಪಾಠದ ಆ್ಯಪ್ ಮಾಡುವ ಪ್ರಾಜೆಕ್ಟ್. ಮೊದಲು ಫಿಗ್ಮಾ (ಸ್ಕ್ರೀನ್ ವಿನ್ಯಾಸ ಮಾಡುವ ಸಾಫ್ಟ್‌ವೇರ್) ಕಲಿಯಲಾ, ಥಿಯರಿ ಓದಲಾ?

ಉತ್ತರ 1: ಎರಡೂ ಆಮೇಲೆ. ಫಿಗ್ಮಾ ಬೇಗ ಕೈಗೆ ಹತ್ತುತ್ತದೆ, ಅದರ ಚಿಂತೆ ಬಿಡಿ. ಸ್ಕ್ರೀನ್‌ಗಳನ್ನು ಬಿಳಿ ಹಾಳೆ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ. ಒಂದು ಮಗುವಿನ ಮುಂದಿಟ್ಟು, "ನಿನ್ನೆ ಅರ್ಧಕ್ಕೆ ಬಿಟ್ಟ ಪಾಠ ಮತ್ತೆ ನೋಡು" ಅನ್ನಿ. ಆಮೇಲೆ ಸುಮ್ನೆ ಕೂತುಬಿಡಿ. ಇದೇ ಕಷ್ಟ! "ಅಲ್ಲಲ್ಲ, ಇಲ್ಲಿ ಒತ್ತು" ಅನ್ನೋಕೆ ಬಾಯಿ ತುರಿಸುತ್ತದೆ. ಬೆರಳು ಎಲ್ಲಿ ಹೋಯಿತು, ಎಲ್ಲಿ ತಡೆಯಿತು, ಅಷ್ಟನ್ನೇ ಬರೆದುಕೊಳ್ಳಿ. ನಾವು ಹೀಗೆ ಮಾಡಿದಾಗ ಮೂಲೆಯಲ್ಲಿದ್ದ ಮೂರು ಗೆರೆಯ ಮೆನುವನ್ನು ಮಕ್ಕಳು ಮುಟ್ಟಲೇ ಇಲ್ಲ. ಎಲ್ಲರೂ ಪಾಠದ ದೊಡ್ಡ ಚಿತ್ರವನ್ನೇ ಒತ್ತಿದರು. 5 ಜನರ ಹತ್ತಿರ ಪರೀಕ್ಷಿಸಿ, ಸರಿಪಡಿಸಿ, ಮತ್ತೆ ಪರೀಕ್ಷಿಸಿ ಅಂತ ಈ ಕ್ಷೇತ್ರದ ಹೆಸರಾಂತ ತಜ್ಞ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದಾರೆ. ಗೂಗಲ್ ಫಾರ್ಮ್ ಸರ್ವೆಗಿಂತ ಇದು ಎಷ್ಟೋ ಮೇಲು.

ಥಿಯರಿ ಆಗ ತಾನಾಗಿ ತಲೆಗೆ ಹೋಗುತ್ತದೆ. ಗುರಿ (ಅಂದರೆ ಒತ್ತಬೇಕಾದ ಬಟನ್) ಚಿಕ್ಕದಾದಷ್ಟೂ, ದೂರವಾದಷ್ಟೂ ಮುಟ್ಟೋಕೆ ಹೊತ್ತು ಜಾಸ್ತಿ. ಇದು 1954ರ ಫಿಟ್ಸ್ ನಿಯಮ. ಇನ್ನು ಕಾಯುವ ಹೊತ್ತು. 0.1 ಸೆಕೆಂಡ್‌ನೊಳಗೆ ಆದದ್ದು ತಕ್ಷಣ ಆದಂತೆ ಅನ್ನಿಸುತ್ತದೆ. 1 ಸೆಕೆಂಡ್ ದಾಟಿದರೆ ಯೋಚನೆಯ ಓಟ ತಪ್ಪುತ್ತದೆ, 10 ದಾಟಿದರೆ ಗಮನವೇ ಬೇರೆ ಕಡೆ. ನೆಟ್‌ವರ್ಕ್ ಸರಿಯಿಲ್ಲದ ಊರಲ್ಲಿ ವಿಡಿಯೊ ಲೋಡ್ ಆಗುವಾಗ ಏನು ತೋರಿಸುತ್ತೀರಿ ಅನ್ನೋದೇ ನಿಮ್ಮ ಅರ್ಧ ಪ್ರಾಜೆಕ್ಟ್.

ಉತ್ತರ 2: ಆ್ಯಪ್ ಕನ್ನಡದಲ್ಲಾ? ಹಾಗಾದರೆ ಮೊದಲ ದಿನದಿಂದಲೇ ಕನ್ನಡ ಅಕ್ಷರ ಹಾಕಿ. ಇಂಗ್ಲಿಷ್‌ಗೆ ಅಳೆದ ಲೈನ್ ಹೈಟ್ (ಒಂದು ಸಾಲಿಗೆ ಕೊಡುವ ಎತ್ತರ) ಇಟ್ಟರೆ ಒತ್ತಕ್ಷರದ ಬುಡ ಕತ್ತರಿಸಿ ಹೋಗುತ್ತದೆ. "ರಾಷ್ಟ್ರೀಯ", "ವೈಶಿಷ್ಟ್ಯ" ಟೈಪ್ ಮಾಡಿ ನೋಡಿ, ಗೊತ್ತಾಗುತ್ತದೆ.

ಉತ್ತರ 3: ಮುಂದೆ ಓದುವ ಆಸೆ ಇದ್ದರೆ ಐಐಟಿ ಬಾಂಬೆಯ ವಿನ್ಯಾಸ ವಿಭಾಗ ಐಡಿಸಿಯಲ್ಲಿ ಎಂ.ಡೆಸ್. (ವಿನ್ಯಾಸದ ಸ್ನಾತಕೋತ್ತರ ಪದವಿ) ಇದೆ, ಅದಕ್ಕೆ ಸೀಡ್ (CEED) ಪ್ರವೇಶ ಪರೀಕ್ಷೆ. ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯ ಬೆಂಗಳೂರು ಕ್ಯಾಂಪಸ್ಸೂ ಇದೆ, ಅವರ ಪ್ರವೇಶ ಪರೀಕ್ಷೆ ಬೇರೆ.

ಉತ್ತರ 4: ವಿಡಿಯೊ ಅಂದಮೇಲೆ ಡಬ್ಲ್ಯುಸಿಎಜಿ (ಕಣ್ಣು, ಕಿವಿಯ ತೊಂದರೆ ಇದ್ದವರೂ ಬಳಸುವಂತೆ ಮಾಡುವ ಅಂತರರಾಷ್ಟ್ರೀಯ ಮಾರ್ಗಸೂಚಿ) ನಿಯಮ ಓದಲೇಬೇಕು, ಅಲ್ವಾ? ಕ್ಯಾಪ್ಷನ್ ಬೇಕು. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಹೊಳಪಿನ ವ್ಯತ್ಯಾಸ) ಬೇಕು, ಅಕ್ಷರ ತುಂಬ ದೊಡ್ಡದಿದ್ದರೆ ಸ್ವಲ್ಪ ಕಡಿಮೆ ಸಾಕು. ತಾನಾಗಿ ಶುರುವಾದ ಸದ್ದು 3 ಸೆಕೆಂಡ್‌ಗಿಂತ ಜಾಸ್ತಿ ಇದ್ದರೆ ನಿಲ್ಲಿಸೋಕೆ ದಾರಿ ಇರಬೇಕು. ಒಮ್ಮೆ ಫೋನ್ ಮ್ಯೂಟ್ ಮಾಡಿ ನಿಮ್ಮ ಪಾಠ ನೋಡಿ. ಇನ್ನೊಮ್ಮೆ ಟಾಕ್‌ಬ್ಯಾಕ್ (ಸ್ಕ್ರೀನ್ ಮೇಲಿನದನ್ನು ಓದಿ ಹೇಳುವ ಆಂಡ್ರಾಯ್ಡ್ ಸೌಲಭ್ಯ) ಆನ್ ಮಾಡಿ, ಕಣ್ಣು ಮುಚ್ಚಿಕೊಂಡು ಪ್ಲೇ ಬಟನ್ ಹುಡುಕಿ. ಸಿಗದಿದ್ದರೆ ಮೊದಲು ಅದನ್ನು ಸರಿಮಾಡಿ, ಬಣ್ಣಗಿಣ್ಣ ಆಮೇಲೆ.